ಶರಾವತಿ ಹಿನ್ನೀರಿಗೆ ಒಂದು ಸುತ್ತು: ಕಾರು ಹೂತು ಹಾಕ್ದೆ ವಾಪಸ್ ಬರೋದು ಹೇಗೆ

2025ರ ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಓಪನ್ ಆದಾಗಿಂದ ನಮ್ ಸಾಗರದ ಕಡೆ ಬರೋ ಕಾರುಗಳಿಗೆ ಲೆಕ್ಕ ಇಲ್ಲ. ಬರ್ಲಿ, ಬೇಡ ಅನ್ನಲ್ಲ. ಆದ್ರೆ ಬಹಳ ಜನ ಸೇತುವೆ ಮೇಲೆ ಹೋಗಿ, ಸಿಗಂದೂರು ಚೌಡೇಶ್ವರಿ ದರ್ಶನ ಮುಗಿಸಿ, ಅದೇ ಸೇತುವೆ ಮೇಲೆ ವಾಪಸ್ ಬಂದು "ಶರಾವತಿ ಹಿನ್ನೀರು ನೋಡಿದ್ವಿ" ಅಂತ ಸ್ಟೇಟಸ್ ಹಾಕ್ತಾರೆ. ದಾಟಿದ್ದನ್ನ ನೋಡಿದ್ದು ಅಂತಾರಾ ಮಾರಾಯ್ರೆ? ಇನ್ನೊಂದಿಷ್ಟು ಜನ ನೀರು ಕಂಡ ಕೂಡ್ಲೇ ರೋಡ್ ಬಿಟ್ಟು ಕಾರನ್ನ ಸೀದಾ ದಂಡೆಗೆ ಇಳಿಸ್ತಾರೆ, ಆಮೇಲೆ ಟ್ರ್ಯಾಕ್ಟರ್ ಹುಡುಕ್ತಾರೆ. ಹಾಗೆ ಕಾರು ಎಳೆಯೋದನ್ನ ನಾನು ಐದು ಸಲ ನೋಡಿದೀನಿ, ಅದ್ರಲ್ಲಿ ಒಂದು ಸಲದ್ದು ನಮ್ಮದೇ ಕಾರು. ಅದಕ್ಕೇ ಇದನ್ನ ಬರೀತಿರೋದು.

ಸ್ಟೆಪ್ 1: ಪೇಪರಲ್ಲಿ ನೀರಿನ ಮಟ್ಟ ನೋಡಿ

ಹೋಟೆಲ್ ಬುಕ್ ಮಾಡೋಕೆ ಮುಂಚೆ ಪೇಪರಲ್ಲಿ ಬರೋ ಡ್ಯಾಮ್ ಮಟ್ಟದ ಪಟ್ಟಿ ನೋಡಿ. ಈ ಹಿನ್ನೀರು ಲಿಂಗನಮಕ್ಕಿ ಡ್ಯಾಮಿಂದು, ಅದು ಪೂರ್ತಿ ತುಂಬಿದ್ರೆ ಸಮುದ್ರ ಮಟ್ಟದಿಂದ 1819 ಅಡಿ. ಅದಕ್ಕೆ ಹತ್ರ ಇದೆ ಅಂದ್ರೆ ನೀರು ಹುಲ್ಲಿನ ಅಂಚಿಗೆ ಬಂದು ಮುಟ್ಟಿರುತ್ತೆ, ಗುಡ್ಡಗಳ ತಲೆ ಮಾತ್ರ ದ್ವೀಪದ ಥರ ಕಾಣುತ್ತೆ, ಫೋಟೋದಲ್ಲಿ ನೀವು ನೋಡೋದು ಅದನ್ನೇ. ಐವತ್ತು ಅಡಿ ಕೆಳಗೆ ಹೋಗಿದ್ರೆ ಬೇರೆಯೇ ಊರು, ಕೆಂಪು ದಿಬ್ಬ, ಕಪ್ಪು ಮರದ ಬೊಡ್ಡೆ, ಮಧ್ಯೆ ಎಲ್ಲೋ ಒಂದ್ ಪಟ್ಟಿ ನೀರು. 1964ರಲ್ಲಿ ಡ್ಯಾಮ್ ಆದಾಗ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ಹಾಗೇ ನಿಂತಿವೆ. ಬೇಸಿಗೆಯಲ್ಲಿ ನೀರು ತೀರಾ ಇಳಿದ್ರೆ ಲಿಂಗನಮಕ್ಕಿಗೂ ಮುಂಚೆ ಜೋಗದ ಕರೆಂಟಿಗೆ ಅಂತ ಕಟ್ಟಿದ್ದ ಮಡೆನೂರು ಡ್ಯಾಮು ಕೂಡ ಎದ್ದು ಬರುತ್ತೆ. ಒಂದು ಡ್ಯಾಮಿನ ಹೊಟ್ಟೆಯೊಳಗೆ ಇನ್ನೊಂದು ಡ್ಯಾಮು.

ನನ್ನ ಮಾತು ಕೇಳೋದಾದ್ರೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಒಳಗೆ ಬನ್ನಿ. ಮಳೆ ಬಿಟ್ಟಿರುತ್ತೆ, ನೀರು ಇರುತ್ತೆ, ದಾರಿ ಬದಿ ಮನೆಗಳಲ್ಲಿ ಅಡಿಕೆ ಸುಲಿತಾ ಕೂತಿರ್ತಾರೆ, ಹಂಡೆಯಲ್ಲಿ ಅಡಿಕೆ ಬೇಯೋ ಆ ಒಗರು ವಾಸನೆ ಕಾರಿನ ಕಿಟಕಿ ಇಳಿಸಿದ್ರೆ ಸಾಕು ಒಳಗೇ ಬರುತ್ತೆ. ಜುಲೈನಲ್ಲಿ ಬರೋರು ಬರ್ತಾರೆ, ಜೋಗಕ್ಕೆ ಅದು ಒಳ್ಳೆ ಟೈಮು, ಆದ್ರೆ ಹಿನ್ನೀರಿನ ಸುತ್ತಿಗೆ ದಂಡ. ಮಂಜು, ಮಳೆ, ಹತ್ತು ಮಾರು ಮುಂದೆ ಏನಿದೆ ಅಂತ ಕಾಣಲ್ಲ.

ಸ್ಟೆಪ್ 2: ಯಾವ ಕಡೆಯಿಂದ ಸುತ್ತಬೇಕು

ಸಾಗರ – ತಾಳಗುಪ್ಪ – ಜೋಗ – ಕಾರ್ಗಲ್ – ಅರಳಗೋಡು – ಕೋಗಾರು – ಬ್ಯಾಕೋಡು – ತುಮರಿ – ಸಿಗಂದೂರು – ಸೇತುವೆ – ಸಾಗರ. ಇದೇ ಆರ್ಡರಲ್ಲಿ, ಉಲ್ಟಾ ಬೇಡ. ಕಾರ್ಗಲ್‌ನಿಂದ ಕೋಗಾರಿನ ತನಕ ಕಾಡು ರೋಡು, ಅದು ಬೆಳಕಿದ್ದಾಗಲೇ ಮುಗೀಬೇಕು, ಸೇತುವೆ ಸಂಜೆಗೆ ಬರ್ಬೇಕು, ಆಗ ಸೂರ್ಯ ಬೆನ್ನಿಗಿರ್ತಾನೆ, ಎದುರು ದಡ ಪೂರ್ತಿ ಬಂಗಾರ. ಉಲ್ಟಾ ಬಂದ್ರೆ ಸಂಜೆ ಹೊತ್ತು ಕಾಡಲ್ಲಿ ಎದುರಿಗೆ ಬರೋ ಗಾಡಿಗೆ ಸೈಡ್ ಕೊಡ್ತಾ ಇರ್ತೀರಿ. ಅಲ್ಲಿಲ್ಲಿ ನಿಂತು ಅಡ್ಡ ರೋಡಿಗೆ ಹೊಕ್ಕು ಬಂದ್ರೆ ಒಂದು ನೂರೈವತ್ತು ಕಿಲೋಮೀಟರ್ ಅಂದ್ಕೊಳ್ಳಿ, ಬೆಳಗ್ಗೆ ಏಳಕ್ಕೆ ಬಿಟ್ರೆ ಇಡೀ ದಿನ.

ಸ್ಟೆಪ್ 3: ಹೊರಡೋ ಮುಂಚೆ

ಸಾಗರದಲ್ಲೇ ಟ್ಯಾಂಕ್ ಫುಲ್ ಮಾಡಿ, ಮ್ಯಾಪ್ ಆಫ್‌ಲೈನ್ ಇಳಿಸಿಕೊಳ್ಳಿ, ಕೈಯಲ್ಲಿ ಕ್ಯಾಶ್ ಇಟ್ಕೊಳ್ಳಿ. ನೆಟ್‌ವರ್ಕ್ ನಂಬಿಕೊಂಡು ಯುಪಿಐ ಅಂತ ಕೂತ್ರೆ ಟೀ ಕುಡಿದ ದುಡ್ಡು ಕೊಡಕ್ಕೂ ಗುಡ್ಡ ಹತ್ಬೇಕು. ನೆಟ್‌ವರ್ಕ್ ಕೊಡದಿದ್ರೆ ವೋಟೇ ಹಾಕಲ್ಲ ಅಂತ ತುಮರಿ ಕಡೆಯ ಕರೂರು ಹೋಬಳಿಯವರು ಹೋರಾಟ ಮಾಡಿದ್ದು ಸುಮ್ನೆ ಅಲ್ಲ.

ಮ್ಯಾಪ್ ವಿಷಯದಲ್ಲಿ ಇನ್ನೊಂದು. ನೀರಿನ ಮೇಲೆ ಚುಕ್ಕೆ ಗೆರೆ ತೋರಿಸಿ "ಇಷ್ಟೇ ದೂರ" ಅನ್ನುತ್ತಲ್ಲ, ಅದು ರೋಡಲ್ಲ, ಲಾಂಚು, ಅಂದ್ರೆ ಜನ, ಗಾಡಿ ದಾಟಿಸೋ ದೊಡ್ಡ ದೋಣಿ. ಮುಪ್ಪಾನೆಯಲ್ಲೂ ಹಸಿರುಮಕ್ಕಿಯಲ್ಲೂ ಜನ ಲಾಂಚ್‌ನಲ್ಲಿ ದಾಟಿಕೊಂಡು ಬಂದೋರು. ನೀರು ಇಳಿದಾಗ ಲಾಂಚ್ ನಿಲ್ಸಿಬಿಡ್ತಾರೆ, ಸಂಜೆ ಮೇಲೆ ಹೇಗೂ ಇಲ್ಲ. ಊರವರನ್ನ ಕೇಳದೆ ಆ ಗೆರೆ ಹಿಡಿದು ಹೋದ್ರೆ ಕಾಡು ದಾರಿಯಲ್ಲಿ ಅಷ್ಟೂ ದೂರ ಹೋಗಿ, ನೀರು ನೋಡಿ, ಅಷ್ಟೂ ದೂರ ವಾಪಸ್.

ಸ್ಟೆಪ್ 4: ಜೋಗದ ತನಕ

ಸುಲಭ. ತಾಳಗುಪ್ಪಕ್ಕಿಂತ ಮುಂಚೆ ಹೊನ್ನೆಮರಡಿಗೆ ತಿರುಗೋ ದಾರಿ ಇದೆ, ಹೋಗಿ ಬನ್ನಿ, ನೀರಿಗೆ ಇಳಿಯೋ ಆಸೆ ಇದ್ರೆ ಅಲ್ಲೇ ಲೈಫ್ ಜಾಕೆಟ್ ಹಾಕ್ಕೊಂಡು ಇಳೀರಿ, ಬೇರೆ ಎಲ್ಲೂ ಬೇಡ (ಯಾಕೆ ಅಂತ ಮುಂದೆ ಹೇಳ್ತೀನಿ). ಜೋಗದ ಬಗ್ಗೆ ನಾನು ಹೊಸದಾಗಿ ಹೇಳೋದು ಏನೂ ಇಲ್ಲ, 253 ಮೀಟರ್, ರಾಜ ರಾಣಿ ರೋರರ್ ರಾಕೆಟ್ ಎಲ್ರಿಗೂ ಗೊತ್ತು. ಲಿಂಗನಮಕ್ಕಿ ಡ್ಯಾಮ್ ಒಳಗೆ ಸುಮ್ನೆ ಬಿಡಲ್ಲ, ಗೇಟಲ್ಲಿ ವಾಚ್‌ಮನ್ ಹತ್ರ ವಾದ ಮಾಡ್ಬೇಡಿ, ಡ್ರೋನ್ ಅಂತೂ ತೆಗೀಲೇಬೇಡಿ.

ಸ್ಟೆಪ್ 5: ಕಾರ್ಗಲ್ – ಕೋಗಾರು

ಇಲ್ಲಿ ಸ್ಪೀಡು ಬೇಡ. ಸಿಂಗಳೀಕ ಇರೋ ಕಾಡು ಇದು. ರಸ್ತೆ ಬದಿ ಮಂಗಗಳಿಗೆ ಚಿಪ್ಸ್ ಎಸೆಯೋರನ್ನ ನೋಡಿದ್ರೆ ನನಗೆ ಮೈ ಉರಿಯುತ್ತೆ. ಇನ್ನು ಡಿಸೆಂಬರ್‌ನಿಂದ ಬೇಸಿಗೆ ಪೂರ್ತಿ ಮಂಗನ ಕಾಯಿಲೆ ಸೀಸನ್ನು, 2019ರಲ್ಲಿ ಅರಳಗೋಡಿನ ಜನ ಇದರಿಂದ ಪಟ್ಟ ಪಾಡು ಈ ಕಡೆ ಯಾರೂ ಮರ್ತಿಲ್ಲ. ಉಣುಗು (ಉಣ್ಣೆ ಹುಳ) ಕಚ್ಚಿ ಬರೋ ಕಾಯಿಲೆ ಅದು. ಒಣ ಎಲೆ ರಾಶಿ ಮೇಲೆ ಚಾಪೆ ಹಾಸಿ ಊಟಕ್ಕೆ ಕೂರ್ಬೇಡಿ, ಪ್ಯಾಂಟ್ ತುದೀನ ಸಾಕ್ಸ್ ಒಳಗೆ ಸೇರಿಸ್ಕೊಳ್ಳಿ, ರಾತ್ರಿ ಸ್ನಾನ ಮಾಡುವಾಗ ಮೈ ನೋಡ್ಕೊಳ್ಳಿ. ಕೈಗೆ ಕಟ್ಕೊಳ್ಳೋ ಸುವಾಸನೆ ಬ್ಯಾಂಡ್ ಅಂತ ಆನ್‌ಲೈನಲ್ಲಿ ಮಾರ್ತಾರೆ, ನಾನು ತರಿಸಿದ್ದೆ, ನಿಂಬೆಹುಲ್ಲಿನ ವಾಸನೆ ಚೆನ್ನಾಗಿತ್ತು, ಉಣುಗಿಗೂ ಚೆನ್ನಾಗೇ ಅನ್ನಿಸಿರ್ಬೇಕು.

ಕೋಗಾರಿನಲ್ಲಿ ಬಲಕ್ಕೆ ಹೋದ್ರೆ ಘಾಟಿ ಇಳಿದು ಭಟ್ಕಳ. ನಮಗೆ ಬೇಕಾಗಿರೋದು ಬ್ಯಾಕೋಡು, ತುಮರಿ ಕಡೆ. ಬೋರ್ಡ್ ನೋಡಿ, ಅನುಮಾನ ಇದ್ರೆ ಕೇಳಿ.

ಸ್ಟೆಪ್ 6: ನೀರಿನ ಹತ್ರ ಹೋಗೋದು (ಇಲ್ಲೇ ಎಲ್ರೂ ಎಡವೋದು)

ಬ್ಯಾಕೋಡಿನಿಂದ ಈಚೆಗೆ ಅಲ್ಲಲ್ಲಿ ಎಡಗಡೆ ಮಣ್ಣಿನ ದಾರಿ ಕೆಳಗೆ ಇಳಿಯುತ್ತೆ, ಕೊನೆಗೆ ನೀರು ಹೊಳೀತಿರುತ್ತೆ. ಕೆಲವು ನಿಜವಾಗ್ಲೂ ಹಳೇ ಗಾಡಿ ದಾರಿ, ನೆಟ್ಟಗೆ ನೀರೊಳಗೇ ಹೋಗುತ್ತೆ, ಆ ಕಡೆ ಯಾವುದೋ ಊರಿಗೆ ಹೋಗ್ತಿದ್ದಿದ್ದು. ಕಾರನ್ನ ಹುಲ್ಲು ಮುಗಿಯೋ ಜಾಗದಲ್ಲೇ ನಿಲ್ಸಿ. ಹುಲ್ಲಿನ ಗೆರೆ ಅಂದ್ರೆ ತುಂಬಿದ ನೀರಿನ ಗೆರೆ, ಅದರಿಂದ ಕೆಳಗೆ ಇರೋದು ನೆಲ ಅಲ್ಲ, ಹೊಳೆ ತಳ. ನಮ್ಮಲ್ಲಿ ಇದಕ್ಕೆ ಈಗಲೂ ಹೊಳೆ ಅಂತಲೇ ಅನ್ನೋದು.

ಇಳಿಸ್ಲೇಬೇಕು ಅಂತ ಹಟ ಇದ್ರೆ ಮೊದ್ಲು ನಡ್ಕೊಂಡು ಹೋಗಿ. ಕಾಲಡಿ ಕೆಂಪು ಗೊಚ್ಚು ಕಲ್ಲು ಕರಕರ ಅಂದ್ರೆ ಪರವಾಗಿಲ್ಲ. ಬೂದು ಬಣ್ಣದ ಮಣ್ಣು ಒಣಗಿ, ಬಿರುಕು ಬಿಟ್ಟು, ಹಂಚಿನ ಥರ ತುಂಡು ತುಂಡಾಗಿ ಕಾಣ್ತಿದ್ರೆ ಅಲ್ಲಿಗೆ ಕೈ ಮುಗೀರಿ. ಮೇಲೆ ಎರಡಿಂಚು ಬಿಸ್ಕೆಟ್, ಕೆಳಗೆ ಗಂಜಿ. ಒಂದು ತುಂಡು ಎತ್ತಿ ನೋಡಿ, ಅಡಿಭಾಗ ತಣ್ಣಗೆ ಅಂಟಂಟಾಗಿ ಇರುತ್ತೆ. ದನದ ಗೊರಸಿನ ಗುರುತು ನೋಡಿ, ಬೆರಳುದ್ದ ಇಳಿದಿದ್ರೆ ಕಾರು ಚಕ್ರ ಪೂರ್ತಿ ಇಳಿಯುತ್ತೆ. ಟ್ರ್ಯಾಕ್ಟರ್ ಹೋದ ಗುರುತಿದೆ ಅಂತ ಧೈರ್ಯ ಮಾಡ್ಬೇಡಿ, ಅದರ ಚಕ್ರ ನಿಮ್ಮ ಬಾನೆಟ್ ಎತ್ತರ ಇರುತ್ತೆ. ಸಣ್ಣ ಹಳ್ಳ ಬಂದು ಹೊಳೆ ಸೇರೋ ಜಾಗ ಎಲ್ಲಕ್ಕಿಂತ ಮೋಸ, ಹೂಳು ಬಂದು ನಿಲ್ಲೋದೇ ಅಲ್ಲಿ. ನೀರು ಇಳೀತಾ ಇರೋ ತಿಂಗಳಲ್ಲಿ ಮೊನ್ನೆ ಮೊನ್ನೆ ಬಯಲಾದ ಪಟ್ಟಿ ಇರುತ್ತಲ್ಲ, ನೀರಂಚಿನ ಪಕ್ಕದ್ದು, ಅದಕ್ಕೆ ಮನುಷ್ಯರೂ ಹೋಗೋದು ಬೇಡ, ಮೊಣಕಾಲ ತನಕ ಹೋಗುತ್ತೆ. ಮಳೆಗಾಲದಲ್ಲಿ ಇದರ ಉಲ್ಟಾ, ನೀರು ಏರ್ತಿರುತ್ತೆ, ಜೋರು ಮಳೆ ಬಂದ್ರೆ ಒಂದೇ ದಿನಕ್ಕೆ ಎರಡು ಮೂರು ಅಡಿ, ಚಪ್ಪಟೆ ದಂಡೆಯಲ್ಲಿ ಅಷ್ಟು ಏರಿದ್ರೆ ನೀರು ಎಷ್ಟು ದೂರ ಒಳಗೆ ಬರುತ್ತೆ ಅಂತ ಯೋಚ್ನೆ ಮಾಡಿ, ಟೆಂಟ್ ಹಾಕಿ ಮಲಗೋ ಹುಡುಗರಿಗೆ ಇದನ್ನ ಮುಖ್ಯವಾಗಿ ಹೇಳ್ತಿರೋದು.

ಹೂತೇ ಹೋಯ್ತು ಅಂದ್ಕೊಳ್ಳಿ. ನಮ್ದು ಹೋದಾಗ ನನ್ನ ತಮ್ಮ ಸ್ಟೇರಿಂಗಲ್ಲಿ ಇದ್ದ, ಮೊದ್ಲು ಮಾಡಿದ್ದೇ ಆಕ್ಸಿಲರೇಟರ್ ಒತ್ತಿದ್ದು. ಎರಡು ಸೆಕೆಂಡಿಗೆ ಅರ್ಧ ಚಕ್ರ, ನಾಲ್ಕು ಸೆಕೆಂಡಿಗೆ ಹೊಟ್ಟೆ ನೆಲಕ್ಕೆ ಕೂತ್ಕೊಂತು. ಹೊಟ್ಟೆ ಕೂತ ಮೇಲೆ ಚಕ್ರ ತಿರುಗಿ ಏನೂ ಪ್ರಯೋಜನ ಇಲ್ಲ. ಹಾಗಾಗಿ ಜಾರಿದ ಕೂಡ್ಲೇ ಕಾಲು ತೆಗೀರಿ. ಎಲ್ರನ್ನೂ ಇಳಿಸಿ, ಡಿಕ್ಕಿ ಸಾಮಾನು ಇಳಿಸಿ. ಚಕ್ರದ ಹಿಂದೆ ಕೈಯಲ್ಲಾದ್ರೂ ಸರಿ ಇಳಿಜಾರಾಗಿ ತೋಡಿ, ಯಾಕಂದ್ರೆ ಬಂದ ಗುರುತಲ್ಲೇ ಹಿಂದಕ್ಕೆ ಬರೋದು ಸುಲಭ, ಮುಂದೆ ಹೋದ್ರೆ ಇನ್ನೂ ಮೆತ್ತಗೆ. ಟೈರ್ ಗಾಳಿ 18 ಪಿಎಸ್‌ಐಗೆ ಇಳಿಸಿ, ಟೈರು ಚಪ್ಪಟೆಯಾಗಿ ಅಗಲ ಹಿಡಿತ ಸಿಗುತ್ತೆ. ತೋಡಿದ ಜಾಗಕ್ಕೆ ಸೊಪ್ಪು, ಒಣ ಕೊಂಬೆ, ಚಪ್ಪಡಿ ಕಲ್ಲು ಹಾಕಿ. ಕಾರಿನ ಫ್ಲೋರ್ ಮ್ಯಾಟ್ ಹಾಕ್ಬೇಡಿ, ಅದು ಹಾರಿ ಹಿಂದೆ ನಿಂತವರ ಮುಖಕ್ಕೆ ಬರುತ್ತೆ, ನಿಮ್ಗೆ ಮ್ಯಾಟೂ ಹೋಯ್ತು. ರಿವರ್ಸ್ ಗೇರ್, ನಿಧಾನ ಕ್ಲಚ್, ಸ್ಟೇರಿಂಗ್ ನೆಟ್ಟಗೆ.

ಅದೂ ಆಗ್ಲಿಲ್ಲ ಅಂದ್ರೆ ಟ್ರ್ಯಾಕ್ಟರ್. ಎಳೆಯೋ ಹುಕ್ಕು ಜಾಕ್ ಇರೋ ಟೂಲ್ ಚೀಲದಲ್ಲಿ ಇರುತ್ತೆ, ಬಂಪರ್ ಮೇಲಿನ ಸಣ್ಣ ಮುಚ್ಚಳ ತೆಗೆದು ತಿರುಗಿಸಿ ಕೂರಿಸೋದು, ಮನೆಯಲ್ಲೇ ಒಂದ್ಸಲ ಮಾಡಿ ನೋಡಿ ಬನ್ನಿ. ಬಂಪರಿಗೆ ಹಗ್ಗ ಕಟ್ಟಿದ್ರೆ ಬಂಪರ್ ಮಾತ್ರ ದಡಕ್ಕೆ ಬರುತ್ತೆ. ಆನ್‌ಲೈನಲ್ಲಿ ಐದು ಟನ್ ಅಂತ ಬರೆದು ಮಾರೋ ತೆಳ್ಳನೆ ನೈಲಾನ್ ಹಗ್ಗ ದಯವಿಟ್ಟು ತಗೋಬೇಡಿ, ನಮ್ದು ಮೊದಲನೇ ಎಳೆತಕ್ಕೇ ತುಂಡಾಗಿ ಹುಕ್ಕು ಹಾರಿ ಹಿಂದಿನ ಲೈಟ್ ಒಡೀತು, ತಲೆಗೆ ಬಿದ್ದಿದ್ರೆ ಗತಿ ಏನು. ಎಳೆಯುವಾಗ ಹಗ್ಗದ ಉದ್ದಕ್ಕಿಂತ ದೂರ ನಿಂತ್ಕೊಳ್ಳಿ. ಟ್ರ್ಯಾಕ್ಟರ್ ತಂದ ಹಿರಿಯರು ಕವಳ ಜಗೀತಾ ಸುಮ್ನೆ ಎಲ್ಲ ನೋಡಿ "ಎಂಥ ಮಾರಾಯ, ಹೊಳೇಲಿ ಕಾರು ತೊಳೆಯಕ್ಕೆ ತಂದಿದ್ಯಾ?" ಅಂದ್ರು. ದುಡ್ಡು ಕೇಳಿದ್ದು ಮಾತ್ರ ಡೀಸೆಲ್‌ಗೆ. ನೀವು ಜಾಸ್ತಿನೇ ಕೊಡಿ, ಅವರ ಅರ್ಧ ದಿನದ ಕೆಲಸ ಕೆಟ್ಟಿರುತ್ತೆ.

ಈಜೋ ವಿಷಯ. ಮೇಲಿಂದ ಕೆರೆ ಥರ ಶಾಂತ ಕಾಣುತ್ತೆ, ಒಳಗಿರೋದು ಮುಳುಗಡೆ ಆದ ನಾಡು. ತೋಟದ ಕಾಲುವೆ, ಬಾವಿ, ಧರೆ (ಕಡಿದಾದ ಮಣ್ಣಿನ ದಿಬ್ಬದಂಚು), ಮರದ ಬೊಡ್ಡೆ ಎಲ್ಲ ಇದ್ದಲ್ಲೇ ಇವೆ. ಮೊಣಕಾಲ ನೀರಲ್ಲಿ ನಡೀತಾ ಇರೋರಿಗೆ ಮುಂದಿನ ಹೆಜ್ಜೆಗೆ ನೆಲ ಇರಲ್ಲ. ಈಜು ಬರುತ್ತೆ ಅನ್ನೋರೇ ಜಾಸ್ತಿ ಹೋಗೋದು.

ಸ್ಟೆಪ್ 7: ತುಮರಿ, ಸಿಗಂದೂರು

ದರ್ಶನಕ್ಕೆ ಶನಿವಾರ ಭಾನುವಾರ ಬಿಟ್ಟು ಬೇರೆ ದಿನ ಬನ್ನಿ, ಇಷ್ಟೇ. ತುಮರಿಯಲ್ಲಿ ಟೀ ಕುಡಿಯುವಾಗ ಅಂಗಡಿಯವರ ಹತ್ರ ಲಾಂಚ್ ಕಾಲದ ಕಥೆ ಕೇಳಿ. ಡ್ಯಾಮ್ ಆದಾಗಿಂದ ಸೇತುವೆ ಆಗೋ ತನಕ ಅರವತ್ತು ವರ್ಷ, ಸಂಜೆ ಕೊನೇ ಲಾಂಚ್ ಹೋದ್ರೆ ಆ ದಡ ಆ ದಡವೇ, ಬಸುರಿ ಇರ್ಲಿ ಹಾವು ಕಚ್ಚಿದವರಿರ್ಲಿ. ನಿಮಗೆ ಸೇತುವೆ ಒಂದು ರೀಲ್ಸ್ ಸ್ಪಾಟು, ಅವರಿಗೆ ಆಸ್ಪತ್ರೆಗೆ ಹೋಗೋ ದಾರಿ. ಅದರ ಮೇಲೆ ಗಾಡಿ ನಿಲ್ಲಿಸಿ ಜಾಮ್ ಮಾಡೋರ ಮೇಲೆ ಅವರಿಗೆ ಯಾಕೆ ಸಿಟ್ಟು ಅಂತ ಆಗ ಗೊತ್ತಾಗುತ್ತೆ.

ಸ್ಟೆಪ್ 8: ಸೇತುವೆ

2.44 ಕಿ.ಮೀ. ಇದೆ. ಕಾರು ದಡದಲ್ಲಿ ಬಿಟ್ಟು ಫುಟ್‌ಪಾತ್ ಮೇಲೆ ಮಧ್ಯದ ತನಕ ನಡೀರಿ, ಕೇಬಲ್ ಇರೋ ಕಡೆ ಗಾಳಿ ಎಷ್ಟಿರುತ್ತೆ ಅಂದ್ರೆ ಟೋಪಿ ಹಾರುತ್ತೆ.

ಇನ್ನೊಂದು ದಿನ ಕೈಯಲ್ಲಿದ್ರೆ ಸಿಗಂದೂರಿನಿಂದ ಸೇತುವೆಗೆ ಬರದೆ ದಕ್ಷಿಣಕ್ಕೆ ಹೋಗಿ, ನಾಗೋಡಿ, ನಿಟ್ಟೂರು, ನಗರ, ಹೊಸನಗರ ಮಾಡ್ಕೊಂಡು ಸಾಗರಕ್ಕೆ ಬನ್ನಿ. ನೀರು ಕಮ್ಮಿ ಕಾಣುತ್ತೆ, ಕೊಡಚಾದ್ರಿ ಮಾತ್ರ ಬಿಡದೆ ಜೊತೆಗೆ ಬರುತ್ತೆ. ನಗರದ ಕೋಟೆ ಹತ್ತಿ, ಕೆಳದಿ ಅರಸರ ಬಿದನೂರು ಇದೇ, 1763ರಲ್ಲಿ ಹೈದರಾಲಿ ಕೈಗೆ ಹೋಗಿದ್ದು. ಅವರ ಹಳೇ ರಾಜಧಾನಿ ಇಕ್ಕೇರಿ, ಕೆಳದಿ ಎರಡೂ ಸಾಗರದ ಪಕ್ಕದಲ್ಲೇ ಇವೆ, ಬೆಳಗ್ಗೆ ತಿಂಡಿಗೆ ಮುಂಚೆ ಒಂದು ನೋಡಿ ಬರ್ಬೋದು. ಜನವರಿ ಮೇಲೆ ಬಂದಿದ್ರೆ ದಾರೀಲಿ ಆಲೆಮನೆ ಹೊಗೆ ಕಂಡ ಕಡೆ ನಿಲ್ಸಿ. ಮಡಿಕೆ ಬೋರಲು ಹಾಕಿ ಅದರ ಬೆನ್ನ ಮೇಲೆ ಕಬ್ಬಿನ ಹಾಲಲ್ಲಿ ಕಲೆಸಿದ ಹಿಟ್ಟು ಬಳಿದು ತೊಡೆದೇವು ಎಬ್ಬಿಸ್ತಾರೆ, ಕಾಗದಕ್ಕಿಂತ ತೆಳ್ಳಗೆ, ಬಿಸಿ ಇದ್ದಾಗಲೇ ಮಡಚಬೇಕು, ಇಲ್ಲಾಂದ್ರೆ ಪುಡಿ. ಪ್ಯಾಕೆಟ್‌ನಲ್ಲಿ ಸಿಗೋದು ತಗೋಬೇಡಿ, ಮೆತ್ತಗಾಗಿರುತ್ತೆ.

ವಾಪಸ್ ಹೋಗುವಾಗ ಟೈರ್ ಗಾಳಿ ಮರೀದೆ ತುಂಬಿಸಿ. ಕಾರು ತೊಳೆಸುವಾಗ ಚಕ್ರದ ಒಳಭಾಗಕ್ಕೂ ನೀರು ಹೊಡೆಸಿ, ಆ ಬೂದು ಮಣ್ಣು ರಿಮ್ ಒಳಗೆ ಒಣಗಿ ಕೂತ್ರೆ ಎಂಬತ್ತರ ಮೇಲೆ ಸ್ಟೇರಿಂಗ್ ನಡುಗುತ್ತೆ. ನನ್ನ ತಮ್ಮ ಅದು ಗೊತ್ತಾಗ್ದೆ ಎರಡು ಸಲ ಅಲೈನ್‌ಮೆಂಟ್ ಮಾಡಿಸಿದ.