ರಕ್ತದ ಕಲೆಯನ್ನು ಸಾಕ್ಷ್ಯವಾಗಿ ಎತ್ತುವುದು ಹೇಗೆ?

ಕೊಲೆ ನಡೆದ ಮನೆಗೆ ಅಕ್ಕಪಕ್ಕದವರು ನುಗ್ಗುತ್ತಾರೆ, ಯಾರೋ ಫ್ಯಾನ್ ಹಾಕುತ್ತಾರೆ, ಇನ್ಯಾರೋ ನೆಲ ಒರೆಸಲು ಮುಂದಾಗುತ್ತಾರೆ. ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಯಂತ್ರಗಳು ಎಷ್ಟೇ ಚೆನ್ನಾಗಿರಲಿ, ಕೊಳೆತು ಬಂದ ಮಾದರಿಗೆ ಅವು ಮತ್ತೆ ಜೀವ ಕೊಡಲಾರವು. ಕೆಲಸ ಗೆಲ್ಲುವುದೂ ಕೆಡುವುದೂ ಆ ಮನೆಯ ನೆಲದ ಮೇಲೆಯೇ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ ಪ್ರಕಾರ, 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕು, ಸಾಕ್ಷ್ಯ ಸಂಗ್ರಹದ ವಿಡಿಯೊ ಆಗಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷಗಳ ಅವಕಾಶವಿದೆ.

ಮೊದಲ ಕೆಲಸ ಫೋಟೊ. ಅಲ್ಲಿಯವರೆಗೆ ಏನನ್ನೂ ಮುಟ್ಟುವಂತಿಲ್ಲ. ಇಡೀ ಕೋಣೆ, ಆಮೇಲೆ ಕಲೆ ಮತ್ತು ಹತ್ತಿರದ ಬಾಗಿಲೋ ಮಂಚವೋ ಒಟ್ಟಿಗೆ, ಕೊನೆಗೆ ಕಲೆಯೊಂದೇ. ಹತ್ತಿರದ ಚಿತ್ರವನ್ನು ಸ್ಕೇಲ್ ಇಲ್ಲದೆ ಒಮ್ಮೆ, ಇಟ್ಟು ಒಮ್ಮೆ ತೆಗೆಯಬೇಕು. ಕ್ಯಾಮೆರಾ ಕಲೆಗೆ ನೇರ 90 ಡಿಗ್ರಿಯಲ್ಲಿರಲಿ. ಓರೆಯಾದರೆ ಹನಿಯ ಅಳತೆ ಸುಳ್ಳಾಗುತ್ತದೆ, ಆ ಅಳತೆಯಿಂದಲೇ ರಕ್ತ ಯಾವ ಕೋನದಲ್ಲಿ ಬಿತ್ತೆಂದು ಲೆಕ್ಕ ಹಾಕುವುದು: ಹನಿಯ ಅಗಲ 5 ಮಿ.ಮೀ., ಉದ್ದ 10 ಮಿ.ಮೀ. ಇದ್ದರೆ ಅದು ಬಿದ್ದ ಕೋನ 30 ಡಿಗ್ರಿ.

ಮುಂದಿನ ಪ್ರಶ್ನೆ, ಇದು ರಕ್ತವೇ? ಎಲೆಅಡಿಕೆ ಉಗಿದ ಕಲೆ, ಕುಂಕುಮ, ತುಕ್ಕು ಎಲ್ಲವೂ ಕಣ್ಣಿಗೆ ಮೋಸ ಮಾಡುತ್ತವೆ. ಕಲೆಯ ಅಂಚನ್ನು ಹತ್ತಿಯಿಂದ ಲಘುವಾಗಿ ಒರೆಸಿ, ಆ ಹತ್ತಿಗೆ ಕ್ಯಾಸಲ್–ಮೇಯರ್ ದ್ರಾವಣದ ಒಂದು ಹನಿ ಹಾಕಿ ಕೆಲವು ಸೆಕೆಂಡ್ ಕಾಯುತ್ತಾರೆ. ಬಣ್ಣ ಬಾರದಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ. ಕೂಡಲೇ ಗುಲಾಬಿಯಾದರೆ ರಕ್ತವಿರಬಹುದು. ಪೆರಾಕ್ಸೈಡ್ ಹಾಕುವ ಮೊದಲೇ ಕೆಂಪೇರಿದರೆ ಅದನ್ನು ರಕ್ತವೆಂದು ಎಣಿಸಬಾರದು. ನಮ್ಮ ಮನೆಗಳಲ್ಲಿ ಇದು ಮುಖ್ಯ, ಏಕೆಂದರೆ ದ್ರಾವಣ ಕ್ಷಾರೀಯ, ಕ್ಷಾರ ತಾಗಿದ ಅರಿಶಿನ ತಾನೇ ಕೆಂಪಾಗುತ್ತದೆ. ತುಂಬ ಹೊತ್ತು ಬಿಟ್ಟು ನೋಡಿದರೂ ಹತ್ತಿ ಗಾಳಿಗೇ ಗುಲಾಬಿಯಾಗುತ್ತದೆ. ಮೂಲಂಗಿ, ಆಲೂಗಡ್ಡೆಯಂಥ ತರಕಾರಿಗಳ ರಸವೂ ರಕ್ತದಂತೆಯೇ ಪ್ರತಿಕ್ರಿಯಿಸಬಲ್ಲದು. ಅಡುಗೆಮನೆಯ ಚಾಕು ಪರೀಕ್ಷಿಸುವಾಗ ಇದು ನೆನಪಿರಲಿ. ರಕ್ತ ಕೋಳಿಯದೋ ಮನುಷ್ಯನದೋ ಎಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ, ಪ್ರಯೋಗಾಲಯವೇ ಹೇಳಬೇಕು.

ಇನ್ನು ಎತ್ತುವುದು. ಒಣಗಿದ ಕಲೆಗೆ, ಕ್ರಿಮಿರಹಿತ, ಭಟ್ಟಿ ಇಳಿಸಿದ ನೀರಿನ ಒಂದೆರಡು ಹನಿಯಿಂದ ತೇವಗೊಳಿಸಿದ ಸ್ವಾಬ್, ಅಂದರೆ ತುದಿಗೆ ಹತ್ತಿ ಸುತ್ತಿದ ಕಡ್ಡಿ. ಅದನ್ನು ತಿರುಗಿಸುತ್ತ ಕಲೆಯ ಮಧ್ಯದಿಂದ ರಕ್ತ ಹೀರಿಸಿ, ಅದೇ ಜಾಗಕ್ಕೆ ಒಣ ಸ್ವಾಬ್ ಒತ್ತುತ್ತಾರೆ. ನೀರು ಹೆಚ್ಚಾದರೆ ರಕ್ತ ಹರಡಿ ತೆಳುವಾಗುತ್ತದೆ. ಡಿಎನ್‌ಎ ಸಿಗುವುದು ಬಿಳಿ ರಕ್ತಕಣಗಳ ಕೋಶಕೇಂದ್ರದಿಂದ, ಕೆಂಪು ಕಣಗಳಲ್ಲಿ ಕೋಶಕೇಂದ್ರವೇ ಇಲ್ಲ. ಪಕ್ಕದ ಕಲೆಯಿಲ್ಲದ ಜಾಗದಿಂದಲೂ ಒಂದು ಸ್ವಾಬ್ ಬೇಕೇಬೇಕು, ನೆಲದಲ್ಲೇ ಏನಿತ್ತೆಂದು ತಿಳಿಯಲು. ಪ್ರತಿ ವಸ್ತುವಿಗೂ ಹೊಸ ಗ್ಲೌಸ್, ಮಾತಾಡುವಾಗ ಎಂಜಲು ಸಿಡಿಯದಂತೆ ಮಾಸ್ಕ್.

ಹೆಚ್ಚು ಎಡವುವುದು ಪ್ಯಾಕಿಂಗ್‌ನಲ್ಲಿ. ಒದ್ದೆ ಸೀರೆಯನ್ನೋ ಅಂಗಿಯನ್ನೋ ಪ್ಲಾಸ್ಟಿಕ್ ಕವರ್‌ಗೆ ತುರುಕಿದರೆ ತೇವ ಒಳಗೇ ಉಳಿದು ಬೂಸ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ, ಡಿಎನ್‌ಎ ತುಂಡುತುಂಡಾಗುತ್ತದೆ. ಬಿಸಿಲಿಗೆ ಹಾಕುವುದೂ ತಪ್ಪು, ಅತಿನೇರಳೆ ಕಿರಣ ಅದನ್ನೇ ಮಾಡುತ್ತದೆ. ನೆರಳಿನಲ್ಲಿ, ಬಟ್ಟೆಯ ಕೆಳಗೆ ಶುಭ್ರ ಕಾಗದ ಹಾಸಿ ಒಣಗಿಸಬೇಕು. ಮಳೆಗಾಲದ ಮಂಗಳೂರಿನಲ್ಲಿ ಇದಕ್ಕೆ ಬಹಳ ಹೊತ್ತು ಹಿಡಿಯುತ್ತದೆ, ಅವಸರಪಡುವಂತಿಲ್ಲ. ಮಡಿಸುವಾಗ ಒಂದು ಕಲೆ ಇನ್ನೊಂದಕ್ಕೆ ತಾಗದಂತೆ ನಡುವೆ ಕಾಗದ ಇಟ್ಟು, ಒಂದೊಂದು ಬಟ್ಟೆಗೂ ಬೇರೆ ಕಾಗದದ ಲಕೋಟೆ. ಚಾಕುವನ್ನು ರಟ್ಟಿನ ಪೆಟ್ಟಿಗೆಗೆ ದಾರದಿಂದ ಬಿಗಿಯಬೇಕು, ಅಲುಗಾಡಿದರೆ ಅಲಗಿನ ರಕ್ತ ಉದುರುತ್ತದೆ.

ಹೋಲಿಕೆಗಾಗಿ ವ್ಯಕ್ತಿಯ ರಕ್ತವನ್ನು, ಅದು ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಎಂಬ ರಾಸಾಯನಿಕವಿರುವ ಟ್ಯೂಬ್‌ನಲ್ಲಿ ಪಡೆದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಹೆಪ್ಪುಗಟ್ಟುವುದನ್ನು ತಡೆಯುವ ಇನ್ನೊಂದು ವಸ್ತುವಾದ ಹೆಪಾರಿನ್‌ನ ಟ್ಯೂಬ್ ಬೇಡ, ಅದು ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್‌ಗೆ ಅಡ್ಡಿ.

ಲಕೋಟೆಯ ಮೇಲೆ ಅಪರಾಧ ಸಂಖ್ಯೆ, ವಸ್ತುವಿನ ಕ್ರಮಸಂಖ್ಯೆ, ಸಿಕ್ಕ ಜಾಗ, ದಿನ, ಹೊತ್ತು, ಎತ್ತಿದವರ ಹಾಗೂ ಪಂಚರ ಸಹಿ. ಅರಗಿನ ಮೊಹರು ಒತ್ತಿ, ಅದರ ನಮೂನೆಯನ್ನೂ ಪ್ರತ್ಯೇಕವಾಗಿ ಕಳಿಸಬೇಕು. ಪ್ರಯೋಗಾಲಯದವರು ಎರಡನ್ನೂ ಹೋಲಿಸಿದ ಮೇಲೆಯೇ ಬಿಚ್ಚುವುದು. ಮಹಜರಿನಲ್ಲಿ ಮೂರನೇ ವಸ್ತು ಲುಂಗಿ, ಲಕೋಟೆಯಲ್ಲಿ ಟವೆಲ್ ಎಂದಿದ್ದರೆ ಆರೋಪಿ ಪರ ವಕೀಲರು ಅಲ್ಲಿಂದಲೇ ಶುರುಮಾಡುತ್ತಾರೆ. ಠಾಣೆಯ ಮಾಲು ರಿಜಿಸ್ಟರ್‌ನಿಂದ ಪ್ರಯೋಗಾಲಯದ ರಸೀದಿಯವರೆಗೆ ಪೊಟ್ಟಣ ಯಾವ ದಿನ ಯಾರ ಕೈಯಲ್ಲಿತ್ತು ಎಂಬುದಕ್ಕೆ ಬರಹವಿರಬೇಕು. ಸರ್ಕಾರಿ ತಜ್ಞರ ವರದಿಯನ್ನು ಅವರನ್ನು ಕರೆಸದೆಯೂ ಸಾಕ್ಷ್ಯವಾಗಿ ಬಳಸಲು ಸಂಹಿತೆಯ 329ನೇ ಕಲಂ ಅವಕಾಶ ಕೊಡುತ್ತದೆ, ಬೇಕೆನಿಸಿದರೆ ನ್ಯಾಯಾಲಯ ಅವರನ್ನು ಕರೆಸಿ ಕೇಳಬಹುದು. ಆದರೆ ಪೊಟ್ಟಣ ನಡುವೆ ಮೂರು ದಿನ ಎಲ್ಲಿತ್ತು ಎಂದು ಕೇಳಿದರೆ, ಉತ್ತರ ಹೇಳಬೇಕಾದವರು ತನಿಖಾಧಿಕಾರಿ.