ಅಪ್ಪ ಅಮ್ಮನಿಗೆ ಟೋಕಿಯೋದಲ್ಲಿ ಒಂದು ದಿನ ಗೈಡ್ ಇಡೋದು ಹೇಗೆ

ಊರಲ್ಲಿ ಮಕ್ಕಳ ಪರೀಕ್ಷೆ ಮುಗಿಯೋ ಹೊತ್ತಿಗೆ ಇಲ್ಲಿ ಟೋಕಿಯೋದಲ್ಲಿ ಸಕುರಾ ಹೂ ಅರಳುತ್ತೆ, ಅದೇ ಟೈಮಿಗೆ ನಿಶಿ-ಕಸಾಯಿ ಕಡೆ ಇರೋ ನಮ್ಮೋರ ಮನೆಗಳಿಗೆ ಊರಿಂದ ಅಪ್ಪ ಅಮ್ಮ ಅತ್ತೆ ಮಾವ ಬಂದಿಳೀತಾರೆ, ಆಗ ನನಗೆ ಬರೋ ಪ್ರಶ್ನೆ ಒಂದೇ. ಟೋಕಿಯೋ ತೋರ್ಸೋಕೆ ಒಂದು ದಿನ ಪ್ರೈವೇಟ್ ಗೈಡ್ ಇಡ್ಬೋದಾ, ಎಷ್ಟಾಗುತ್ತೆ? ಇಡ್ಬೋದು. ಆದ್ರೆ ನಮ್ಮ ತಲೇಲಿರೋ ಗೈಡೇ ಬೇರೆ, ಇಲ್ಲಿ ಸಿಗೋ ಗೈಡೇ ಬೇರೆ. ಮೈಸೂರಲ್ಲಿ ಒಂದು ಇನ್ನೋವಾ ಹೇಳಿದ್ರೆ ಡ್ರೈವರೇ ಗೈಡು, ಅರಮನೆ, ಚಾಮುಂಡಿಬೆಟ್ಟ, ಕೆಆರ್‌ಎಸ್ ಎಲ್ಲಾ ಸುತ್ತಿಸಿ ಮಧ್ಯೆ ಒಂದು ಸೀರೆ ಅಂಗಡಿಗೂ ನಿಲ್ಲಿಸಿ ರಾತ್ರಿ ಮನೆ ಬಾಗ್ಲಿಗೆ ಬಿಡ್ತಾನೆ. ಇಲ್ಲಿ ಗಾಡಿ ಬೇರೆ, ಗೈಡ್ ಬೇರೆ, ಟಿಕೆಟ್ ಬೇರೆ, ಊಟ ಬೇರೆ. ನೀವು ದುಡ್ಡು ಕೊಟ್ಟು ತಗೊಳ್ತಿರೋದು ಒಬ್ಬ ಮನುಷ್ಯನ ಇಂತಿಷ್ಟು ಗಂಟೆಗಳನ್ನ ಮಾತ್ರ. ಇದೊಂದು ತಲೇಲಿದ್ರೆ ಅರ್ಧ ಜಗಳ ಕಮ್ಮಿ.

ಮೊದ್ಲು ಗೈಡ್ ಅಂದ್ರೆ ಯಾರು ಅಂತ ನೋಡೋಣ. ಜಪಾನಲ್ಲಿ ಇದಕ್ಕೆ ಸರ್ಕಾರದ್ದೇ ಪರೀಕ್ಷೆ ಇದೆ, 1949ರ ಕಾನೂನಿನಿಂದ ಬಂದಿದ್ದು, ಭಾಷೆ ಜೊತೆಗೆ ಜಪಾನಿನ ಇತಿಹಾಸ ಭೂಗೋಳ ಎಲ್ಲಾ ಕೇಳ್ತಾರೆ, ಪಾಸಾಗೋದು ಸುಲಭ ಅಲ್ಲ. ಪಾಸಾಗಿ ರಿಜಿಸ್ಟರ್ ಆದೋರ ಹತ್ರ ಒಂದು ಕಾರ್ಡ್ ಇರುತ್ತೆ, ಕೆಲಸದಲ್ಲಿದ್ದಾಗ ಇಟ್ಕೊಂಡಿರ್ಬೇಕು, ಕೇಳಿದ್ರೆ ತೋರಿಸ್ಬೇಕು. 2018ರ ಜನವರಿವರೆಗೂ ಈ ಲೈಸೆನ್ಸ್ ಇಲ್ಲದೆ ದುಡ್ಡು ತಗೊಂಡು ವಿದೇಶಿಯರಿಗೆ ಅವರ ಭಾಷೇಲಿ ಗೈಡ್ ಮಾಡೋ ಹಾಗೇ ಇರ್ಲಿಲ್ಲ, ಆಮೇಲೆ ಕಾನೂನು ಸಡಿಲ ಆಗಿ ಈಗ ಯಾರು ಬೇಕಾದ್ರೂ ಮಾಡ್ಬೋದು, ಲೈಸೆನ್ಸ್ ಇರೋ ಗೈಡ್ ಅಂತ ಹೇಳ್ಕೊಳ್ಳೋ ಹಾಗಿಲ್ಲ ಅಷ್ಟೇ. ಅದಕ್ಕೇ ಆನ್‌ಲೈನ್‌ನಲ್ಲಿ ನೋಡಿದ್ರೆ ಒಬ್ಬರ ರೇಟಿಗೂ ಇನ್ನೊಬ್ಬರ ರೇಟಿಗೂ ಅಜಗಜಾಂತರ. ಲೈಸೆನ್ಸ್ ಇಲ್ಲದೋರಲ್ಲೂ ಒಳ್ಳೆಯವರು ಇದ್ದಾರೆ, ಆದ್ರೆ ವಯಸ್ಸಾದೋರನ್ನ ಕಳಿಸೋದಾದ್ರೆ ನಾನಂತೂ ಕಾರ್ಡ್ ಇರೋರನ್ನೇ ಹುಡುಕ್ತೀನಿ.

ಭಾಷೆ ವಿಷಯ. ಆ ಪರೀಕ್ಷೆ ಇರೋದು ಹತ್ತು ಭಾಷೆಗೆ: ಇಂಗ್ಲಿಷ್, ಫ್ರೆಂಚ್, ಚೈನೀಸ್, ಕೊರಿಯನ್, ಥಾಯ್ ಹೀಗೆ. ಹಿಂದೀನೇ ಇಲ್ಲ, ಕನ್ನಡ ಎಲ್ಲಿಂದ ಬರ್ಬೇಕು. ಹಾಗಾಗಿ ಅಪ್ಪ ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ ಅಂದ್ರೆ ಅವರನ್ನ ಮಾತ್ರ ಗೈಡ್ ಕೈಗೆ ಒಪ್ಪಿಸಿ ನೀವು ಆಫೀಸಿಗೆ ಹೋದ್ರೆ ಆ ದಿನ ಮೂರೂ ಜನಕ್ಕೆ ಕಷ್ಟ. ಒಂದು ದಿನ ರಜಾ ಹಾಕಿ ಜೊತೇಲಿ ಹೋಗಿ. ಇಲ್ಲಾಂದ್ರೆ ಇಲ್ಲೇ ಇರೋ ಯಾರಾದ್ರೂ ಕನ್ನಡದೋರನ್ನ ಕಳಿಸೋಣ, ಒಂದಿಷ್ಟು ದುಡ್ಡು ಕೊಟ್ಟರಾಯ್ತು ಅಂತ ಕೆಲವರು ಐಡಿಯಾ ಮಾಡ್ತಾರೆ. ಹುಷಾರು. ಗೈಡ್ ಕಾನೂನಲ್ಲಿ ಅದಕ್ಕೆ ಅಡ್ಡಿ ಇಲ್ಲ, ವೀಸಾದಲ್ಲಿ ಇದೆ. ಇಂಜಿನಿಯರ್ ವೀಸಾದಲ್ಲಿರೋರು ಆ ವೀಸಾಕ್ಕೆ ಸಂಬಂಧ ಇಲ್ಲದ ಕೆಲಸಕ್ಕೆ ದುಡ್ಡು ತಗೊಳ್ಬೇಕಂದ್ರೆ ಇಮಿಗ್ರೇಶನ್‌ನಿಂದ ಮೊದ್ಲೇ ಪರ್ಮಿಶನ್ ಬೇಕು, ಡಿಪೆಂಡೆಂಟ್ ವೀಸಾದಲ್ಲಿರೋರಿಗೂ ಪರ್ಮಿಶನ್ ಬೇಕು, ಅದೂ ವಾರಕ್ಕೆ 28 ಗಂಟೆ ಮಿತಿಯೊಳಗೆ. ಸ್ನೇಹಿತರು ಅಂತ ಸುಮ್ನೆ ಜೊತೆಗೆ ಬಂದು ಮಧ್ಯಾಹ್ನ ಊಟ ಹಾಕಿಸ್ಕೊಂಡ್ರೆ ಅದರ ಮಾತೇ ಬೇರೆ.

ದುಡ್ಡಿಗೆ ಬರೋಣ. ನಾನು ವಿಚಾರಿಸಿದ ಲೈಸೆನ್ಸ್ ಗೈಡ್‌ಗಳು ಪೂರ್ತಿ ದಿನಕ್ಕೆ, ಅಂದ್ರೆ ಎಂಟು ಗಂಟೆಗೆ, 30,000 ಯೆನ್‌ನಿಂದ 60,000 ಯೆನ್ ತನಕ ಹೇಳಿದ್ರು. ಇದು ತಲೆಗಿಷ್ಟು ಅಂತಲ್ಲ, ಇಡೀ ಗುಂಪಿಗೆ, ಹಾಗಾಗಿ ಎರಡು ಮನೆಯವರ ಅಪ್ಪ ಅಮ್ಮ ಒಟ್ಟಿಗೆ ಹೋದ್ರೆ ಅರ್ಧರ್ಧ ಆಗುತ್ತೆ. ಇದರ ಮೇಲೆ ಎಲ್ಲರ ಟ್ರೈನ್ ಚಾರ್ಜು, ಎಂಟ್ರಿ ಟಿಕೆಟ್ಟು, ಗೈಡ್‌ದೂ ಸೇರಿ, ಊಟದ್ದು ಕೆಲವರು ತಾವೇ ನೋಡ್ಕೋತಾರೆ ಕೆಲವರು ನಿಮ್ಮ ಲೆಕ್ಕಕ್ಕೆ ಹಾಕ್ತಾರೆ, ಬುಕ್ ಮಾಡೋವಾಗ್ಲೇ ಕೇಳಿಬಿಡಿ, ನಾಚ್ಕೆ ಏನೂ ಇಲ್ಲ. ಎಂಟು ಗಂಟೆ ಅಂದ್ರೆ ಎಂಟೇ ಗಂಟೆ, ಹೋಟೆಲ್ ಲಾಬಿಯಲ್ಲಿ ಭೇಟಿಯಾದ ನಿಮಿಷದಿಂದ ಶುರು. ನೀವು ಇಪ್ಪತ್ತು ನಿಮಿಷ ಲೇಟಾಗಿ ಇಳಿದು ಬಂದ್ರೆ ಆ ಇಪ್ಪತ್ತು ನಿಮಿಷ ಹೋಯ್ತು, ಸಂಜೆ ಸೇರಿಸಿ ಕೊಡಲ್ಲ, ಜಾಸ್ತಿ ಬೇಕಂದ್ರೆ ಓವರ್‌ಟೈಮ್. ಮಳೆ ಬಂದ್ರೂ ಕ್ಯಾನ್ಸಲ್ ಇಲ್ಲ, ಕೊಡೆ ಹಿಡ್ಕೊಂಡು ಬರ್ತಾರೆ, ಅವತ್ತಿನ ದಿನವೇ ಬೇಡ ಅಂದ್ರೆ ಸಾಮಾನ್ಯವಾಗಿ ಪೂರ್ತಿ ದುಡ್ಡು ಕೊಡ್ಬೇಕಾಗುತ್ತೆ.

ಅಷ್ಟೊಂದು ಯಾಕೆ ಅನ್ನೋರಿಗೆ ವಾಲಂಟಿಯರ್ ಗೈಡ್‌ಗಳೂ ಇದ್ದಾರೆ, ಗುಡ್‌ವಿಲ್ ಗೈಡ್ ಅಂತಾರೆ, ಬಹಳಷ್ಟು ಜನ ರಿಟೈರ್ ಆದೋರು, ಇಂಗ್ಲಿಷ್ ಮಾತಾಡೋ ಖುಷಿಗೆ ಬರ್ತಾರೆ. ಫೀಸ್ ಇಲ್ಲ, ಅವರ ಓಡಾಟದ ಖರ್ಚು, ಟಿಕೆಟ್ಟು, ಊಟ ನೀವು ನೋಡ್ಕೋಬೇಕು. ಆದ್ರೆ ನಿಮಗೆ ಬೇಕಾದ ಹಾಗೆ ಪ್ಲ್ಯಾನ್ ಬದಲಾಯಿಸಿ ಅಂತ ಅವರಿಗೆ ದಬಾಯಿಸೋಕಾಗಲ್ಲ ನೋಡಿ.

ಗಾಡಿ ವಿಷಯ ಹೇಳ್ಲೇಬೇಕು, ಯಾಕಂದ್ರೆ ನಾನೇ ಬಿದ್ದ ಹಳ್ಳ ಅದು. ಮೊದಲ ಸಲ ಅತ್ತೆ ಮಾವ ಬಂದಾಗ ಯಾರೋ ವಾಟ್ಸಾಪಲ್ಲಿ ಕಳಿಸಿದ ನಂಬರ್‌ಗೆ ಫೋನ್ ಮಾಡಿ ಗಾಡಿ ಪ್ಲಸ್ ಗೈಡ್ ಅಂತ ಬುಕ್ ಮಾಡಿದೆ, ರೇಟು ಕಮ್ಮಿ. ಬಂದಿದ್ದು ಬಿಳಿ ನಂಬರ್ ಪ್ಲೇಟಿನ ವ್ಯಾನು. ಇಲ್ಲಿ ಬಾಡಿಗೆಗೆ ಜನರನ್ನ ಕರ್ಕೊಂಡು ಹೋಗೋ ಗಾಡಿಗೆ ಹಸಿರು ಪ್ಲೇಟ್ ಇರ್ಬೇಕು, ನಮ್ಮಲ್ಲಿ ಹಳದಿ ಬೋರ್ಡ್ ಇದ್ದ ಹಾಗೆ. ಪರ್ಮಿಟ್ ಇಲ್ಲದೆ ಬಿಳಿ ಪ್ಲೇಟಲ್ಲಿ ದುಡ್ಡು ತಗೊಂಡು ಓಡಿಸೋದು ಕಳ್ಳ ಟ್ಯಾಕ್ಸಿ, ಅದಕ್ಕೆ ಶಿರೋತಾಕು ಅಂತ ಹೆಸರೇ ಇದೆ, ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್ ತಕರಾರು ನಿಮ್ಮ ತಲೆಗೇ. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ಆ ಪುಣ್ಯಾತ್ಮ ಅಸಕುಸದಲ್ಲಿ ನಮ್ಮನ್ನ ಇಳಿಸಿ ಪಾರ್ಕಿಂಗ್ ಇಲ್ಲ ಅಂತ ಹೊರಟೇಹೋದ, ದೇವಸ್ಥಾನ ನಾವೇ ನೋಡ್ಕೊಂಡ್ವಿ, ವಾಪಸ್ ಬರೋಕೆ ನಲವತ್ತು ನಿಮಿಷ, ಅಲ್ಲಿಂದ ಶಿಬುಯಾಗೆ ಟ್ರಾಫಿಕ್ಕಲ್ಲಿ ಕೂತು ಮಾವ ಗೊರಕೆ ಹೊಡೆದ್ರು. ಹಸಿರು ಪ್ಲೇಟ್ ಗಾಡಿ ಪ್ಲಸ್ ಸರಿಯಾದ ಗೈಡ್ ಅಂದ್ರೆ ದಿನಕ್ಕೆ ಒಂದು ಲಕ್ಷ ಯೆನ್ ಆಜುಬಾಜು ಹೋಗಿಬಿಡುತ್ತೆ. ಅಪ್ಪ ಅಮ್ಮನಿಗೆ ನಡೆಯೋಕೇ ಆಗಲ್ಲ ಅನ್ನೋ ಹಾಗಿದ್ರೆ ಮಾತ್ರ ಅದು. ಸಾವಕಾಶವಾಗಿ ನಡೀತಾರೆ ಅಂದ್ರೆ ಟ್ರೈನೇ ವಾಸಿ, ಸುಸ್ತಾದ್ರೆ ಮಧ್ಯೆ ಒಂದು ಟ್ಯಾಕ್ಸಿ ಹಿಡಿದ್ರಾಯ್ತು.

ಎರಡನೇ ಸಲ, ನಮ್ಮ ಅಪ್ಪ ಅಮ್ಮ ಬಂದಾಗ, ಕಾರ್ಡ್ ಇರೋ ಗೈಡನ್ನ ಇಟ್ಟೆ, ಅರವತ್ತರ ಹತ್ತಿರದ ಹೆಂಗಸು. ನಾನು ಕಳಿಸಿದ ಪ್ಲ್ಯಾನಲ್ಲಿ ಒಂಬತ್ತು ಜಾಗ ಇತ್ತು, ಆಕೆ ಅದನ್ನ ನಾಲ್ಕಕ್ಕೆ ಇಳಿಸಿ ವಾಪಸ್ ಕಳಿಸಿದ್ರು, ಎಲ್ಲಾನೂ ಗಿಂಜಾ ಲೈನ್ ಅನ್ನೋ ಸಬ್‌ವೇ, ಅಂದ್ರೆ ನೆಲದಡಿ ಓಡೋ ರೈಲಿನ, ದಾರೀಲೇ ಬರೋ ಹಾಗೆ. ಇದು ನನಗೆ ಹೊಳೆದೇ ಇರ್ಲಿಲ್ಲ. ಅಸಕುಸದಿಂದ ಶಿಬುಯಾ ತನಕ ಒಂದೇ ಲೈನು, ಹತ್ತೊಂಬತ್ತು ಸ್ಟೇಷನ್ನು, ಎಲ್ಲೂ ಬದಲಾಯಿಸೋದಿಲ್ಲ. ಅಸಕುಸ ಜಿ19, ಉಎನೋ ಜಿ16, ಶಿಬುಯಾ ಜಿ01, ಅಮ್ಮ ನಂಬರ್ ನೋಡ್ಕೊಂಡೇ ಇಳಿಯೋ ಸ್ಟೇಷನ್ ಹೇಳ್ತಿದ್ರು. ಏಷ್ಯಾದ ಮೊದಲ ಸಬ್‌ವೇ ಓಡಿದ್ದೂ ಇದೇ ಅಸಕುಸ ಉಎನೋ ಮಧ್ಯೆ, 1927ರ ಡಿಸೆಂಬರ್ 30ರಂದು, ಎರಡು ಕಿಲೋಮೀಟರ್ ಚಿಲ್ರೆ. ಟಿಕೆಟ್ಟಿಗೆ ದುಡ್ಡು ತುಂಬಿಸಿ ಗೇಟಿಗೆ ಮುಟ್ಟಿಸೋ ಸುಯಿಕಾನೋ ಪಾಸ್ಮೋನೋ ಕಾರ್ಡ್ ಸಾಕು, ಟೂರಿಸ್ಟ್ ಆಗಿ ಬಂದಿರೋ ಅಪ್ಪ ಅಮ್ಮನಿಗೆ ಪಾಸ್‌ಪೋರ್ಟ್ ತೋರಿಸಿದ್ರೆ 24 ಗಂಟೆಯ ಸಬ್‌ವೇ ಟಿಕೆಟ್ ಸಿಗುತ್ತೆ, ತುಂಬಾ ಸಲ ಹತ್ತಿ ಇಳಿಯೋದಾದ್ರೆ ಅದು ಅಗ್ಗ, ಆದ್ರೆ ಅದು ಟೋಕಿಯೋ ಮೆಟ್ರೋ ಮತ್ತು ತೋಯೆಯಿ ಸಬ್‌ವೇ ಲೈನ್‌ಗಳಿಗೆ ಮಾತ್ರ, ಜೆಆರ್ ಅನ್ನೋ ಬೇರೆ ರೈಲು ಕಂಪನಿಯ ಯಮನೋತೆ ಲೈನಿಗೆ ನಡೆಯಲ್ಲ. ಬೆಳಿಗ್ಗೆ ಒಂಬತ್ತೂವರೆ ಮೇಲೆ ಹೊರಡಿ, ಅದಕ್ಕೂ ಮುಂಚೆ ಟ್ರೈನಲ್ಲಿ ವಯಸ್ಸಾದೋರನ್ನ ತುರುಕೋದು ಪಾಪದ ಕೆಲಸ.

ಅಸಕುಸದ ಸೆನ್ಸೋಜಿ ದೇವಸ್ಥಾನ ಎಲ್ಲರೂ ನೋಡ್ತಾರೆ, ಕೆಂಪು ಲಾಂಧ್ರದ ಕೆಳಗೆ ಫೋಟೋ, ಇನ್ನೂರೈವತ್ತು ಮೀಟರ್ ಅಂಗಡಿ ಸಾಲು, ನೂರು ಯೆನ್ ಹಾಕಿ ಶಕುನದ ಚೀಟಿ. ಅಪ್ಪನಿಗೆ ಕೆಟ್ಟದ್ದು ಬಂತು, ಅದನ್ನ ಅಲ್ಲೇ ಕಂಬಿಗೆ ಕಟ್ಟಿ ಬಿಟ್ಟುಬನ್ನಿ ಅಂದ್ರು ಗೈಡ್. ನಾನು ಗೈಡ್‌ಗೆ ಬರೆದ ಮೊದಲ ಇಮೇಲ್‌ನಲ್ಲಿ ನಮ್ಮೋರು ದೇವಸ್ಥಾನದ ಜನ ಅಂತ ಒಂದು ಸಾಲು ಬರೆದಿದ್ದೆ ನೋಡಿ, ಅದಕ್ಕೆ ಆಕೆ ಅಲ್ಲಿಂದ ಹತ್ತು ನಿಮಿಷ ನಡೆಸ್ಕೊಂಡು ಮತ್ಸುಚಿಯಾಮಾ ಶೋದೆನ್‌ಗೆ ಕರ್ಕೊಂಡು ಹೋದ್ರು, ಸಣ್ಣ ಗುಡ್ಡದ ಮೇಲಿನ ಗುಡಿ, ಮೆಟ್ಟಿಲು ಹತ್ತೋಕಾಗದೋರಿಗೆ ಪುಟ್ಟ ರೈಲಿನ ಥರದ್ದೊಂದು ಇದೆ, ಫ್ರೀ. ಅಲ್ಲಿರೋದು ಕಂಗಿತೆನ್, ಅಂದ್ರೆ ನಮ್ಮ ಗಣಪತಿ. ಮೂರ್ತಿ ತೋರ್ಸಲ್ಲ, ಮುಚ್ಚಿಟ್ಟಿರ್ತಾರೆ. ಗರಿಕೆ ಇಲ್ಲ, ಕಡಬು ಇಲ್ಲ, ಅರ್ಪಿಸೋದು ಮೂಲಂಗಿ! ಇಲ್ಲಿನ ದೊಡ್ಡ ದೈಕೋನ್, ಮೊಳಕೈ ಉದ್ದದ್ದು, ಮೆಟ್ಟಿಲಲ್ಲಿ ಕಲ್ಲಲ್ಲೂ ಮೂಲಂಗಿ ಕೆತ್ತಿದ್ದಾರೆ. ಅರ್ಪಿಸಿದ ಮೂಲಂಗೀನ ಆಮೇಲೆ ಭಕ್ತರಿಗೇ ಕೊಡ್ತಾರೆ. ಅಮ್ಮ ಸೆರಗು ತಲೆ ಮೇಲೆ ಎಳ್ಕೊಂಡು ಎರಡೂ ಕೈಯಲ್ಲಿ ಇಸ್ಕೊಂಡು ಕಣ್ಣಿಗೆ ಒತ್ಕೊಂಡ್ರು, ಗೈಡ್ ಬಾಯಲ್ಲಿ ಮಾತಿಲ್ಲ. ಉಎನೋದಲ್ಲೂ ಹಾಗೇ, ಶಿನೊಬಜು ಕೆರೆ ಮಧ್ಯದ ಗುಡೀಲಿ ಬೆಂಜಾಯ್ತೆನ್, ನಮ್ಮ ಸರಸ್ವತೀನೇ, ಜಪಾನಿನ ಚಿತ್ರಗಳಲ್ಲಿ ಸಾಮಾನ್ಯವಾಗಿ ಆಕೆ ಕೈಯಲ್ಲಿ ವೀಣೆ ಬದ್ಲು ಬಿವಾ ಅನ್ನೋ ವಾದ್ಯ. ಇವೆರಡೂ ಮಾಮೂಲಿ ಟೂರಲ್ಲಿ ಹೀಗೆ ಬಿಡಿಸಿ ಹೇಳಲ್ಲ, ನೀವೇ ಕೇಳ್ಬೇಕು.

ಊಟದ ವಿಷಯ ಗೈಡ್‌ಗೆ ಕಳಿಸೋ ಇಮೇಲ್‌ನಲ್ಲಿ ಬಿಡಿಸಿ ಬಿಡಿಸಿ ಬರೀರಿ. ವೆಜಿಟೇರಿಯನ್ ಅಂತ ಬರೆದ್ರೆ ಸಾಲದು. ಇಲ್ಲಿ ಮಾಂಸ ಇಲ್ಲ ಅಂದ್ರೆ ಮೀನು ಇಲ್ಲ ಅಂತ ಅರ್ಥ ಅಲ್ಲ, ಮೀನು ಇಲ್ಲ ಅಂದ್ರೂ ಸಾರಲ್ಲಿ ದಾಶಿ ಅನ್ನೋ ಒಣಮೀನು ಕುದಿಸಿದ ನೀರು ಇದ್ದೇ ಇರುತ್ತೆ. ನೋಡೋಕೆ ಬರೀ ನೂಡಲ್ಸು ನೀರು, ಆ ನೀರೇ ಮೀನು. ಮಾವ ಅವತ್ತು ಸೋಬಾ ನೂಡಲ್ಸಿನ ಸಾರು ಎರಡು ಬಟ್ಟಲು ಕುಡಿದು ತಿಳಿಸಾರಿನ ಹಾಗಿದೆ ಅಂದಿದ್ರು, ನಾನು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಮಾಂಸ, ಮೀನು, ಮೊಟ್ಟೆ, ಕತ್ಸುವೊ (ಒಣಮೀನಿನ) ದಾಶಿ ನಾಲ್ಕೂ ಬೇಡ, ಈರುಳ್ಳಿ ಬೆಳ್ಳುಳ್ಳಿ ತಿನ್ನದೋರಿದ್ರೆ ಅದೂ, ಅಂತ ಬೇರೆ ಬೇರೆ ಬರೆದ್ರೆ ಒಳ್ಳೆ ಗೈಡ್ ಹಿಂದಿನ ದಿನವೇ ಹೋಟೆಲ್‌ಗೆ ಫೋನ್ ಮಾಡಿ ಕೇಳಿರ್ತಾರೆ. ಮಧ್ಯಾಹ್ನ ಎರಡರ ಮೇಲೆ ಅಡುಗೆಮನೆ ಮುಚ್ಚೋ ಹೋಟೆಲ್ ಬಹಳ, ಹಾಗಾಗಿ ಹನ್ನೆರಡಕ್ಕೇ ಕೂತ್ಬಿಡಿ. ನಾವಂತೂ ಬ್ಯಾಗಲ್ಲಿ ಚಪಾತಿ ಚಟ್ನಿಪುಡಿ ಇಟ್ಕೊಂಡೇ ಹೋಗಿದ್ವಿ. ತಿಂದ ಮೇಲೆ ಕಸ ಹಾಕೋಕೆ ಡಬ್ಬ ಸಿಗಲ್ಲ, ಒಂದು ಕವರ್ ಇಟ್ಕೊಳ್ಳಿ.

ದಿನ ನೋಡ್ಕೊಂಡು ಬುಕ್ ಮಾಡಿ. ಸೋಮವಾರ ಉಎನೋದ ಮ್ಯೂಸಿಯಂಗಳು ಸಾಮಾನ್ಯವಾಗಿ ರಜಾ, ಇಲ್ಲಿನ ಚಕ್ರವರ್ತಿ ಅರಮನೆಯ ಈಸ್ಟ್ ಗಾರ್ಡನ್ಸ್ ಸೋಮವಾರ ಶುಕ್ರವಾರ ಎರಡೂ ದಿನ ರಜಾ. ಸಕುರಾ ಟೈಮಿಗೆ ಗೈಡ್ ಬೇಕಂದ್ರೆ ತಿಂಗಳುಗಟ್ಟಲೆ ಮುಂಚೆ ಹೇಳಿ, ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ಗೋಲ್ಡನ್ ವೀಕ್ ಬಿಟ್ಟುಬಿಡಿ, ಇಡೀ ಜಪಾನೇ ರಸ್ತೇಲಿರುತ್ತೆ. ಎತ್ತರದಿಂದ ಊರು ನೋಡ್ಬೇಕು ಅಂದ್ರೆ ಶಿಂಜುಕುದಲ್ಲಿ ಟೋಕಿಯೋ ಸರ್ಕಾರದ ಕಟ್ಟಡದ 45ನೇ ಮಹಡಿ, 202 ಮೀಟರ್, ಪುಕ್ಕಟೆ, ಅದಕ್ಕೆ ಗೈಡ್ ಬೇಕಿಲ್ಲ, ಇನ್ನೊಂದು ಸಂಜೆ ನೀವೇ ಕರ್ಕೊಂಡು ಹೋಗಿ. ಇನ್ನೊಂದು, ಗೈಡ್ ದಿನಾನ ಟ್ರಿಪ್ಪಿನ ಮೊದಲಲ್ಲೇ ಇಟ್ಕೊಳ್ಳಿ, ಸ್ಟೇಷನ್ ಗೇಟು, ಎಸ್ಕಲೇಟರಲ್ಲಿ ಎಡಕ್ಕೆ ನಿಲ್ಲೋದು, ಲಿಫ್ಟ್ ಎಲ್ಲಿ ಹುಡುಕೋದು ಇವೆಲ್ಲ ಅವತ್ತು ಕಲಿತ್ರೆ ಉಳಿದ ದಿನ ಅಪ್ಪ ಅಮ್ಮ ಇಬ್ಬರೇ ಪಾರ್ಕಿಗೆ ಹೋಗಿ ಬರ್ತಾರೆ.

ಸಂಜೆ ಆರಕ್ಕೆ ಶಿಬುಯಾದ ಹಚಿಕೋ ನಾಯಿ ಪ್ರತಿಮೆ ಹತ್ರ ನಮ್ಮ ಎಂಟು ಗಂಟೆ ಮುಗೀತು. ಅಪ್ಪ ಐದು ಸಾವಿರದ ನೋಟು ಮಡಚಿ ಗೈಡ್ ಕೈಗೆ ತುರುಕೋಕೆ ಹೋದ್ರು, ಆಕೆ ಎರಡು ಹೆಜ್ಜೆ ಹಿಂದೆ ಸರಿದು ಬಗ್ಗಿ ನಮಸ್ಕಾರ ಮಾಡಿದ್ರು, ಇಲ್ಲಿ ಟಿಪ್ಸ್ ಇಲ್ಲ, ಒತ್ತಾಯ ಮಾಡಿದ್ರೆ ಮುಜುಗರ. ಅಮ್ಮ ಬ್ಯಾಗಿಂದ ಒಂದು ಮೈಸೂರ್ ಸ್ಯಾಂಡಲ್ ಸೋಪು ತೆಗೆದು ಕೊಟ್ರು, ಅದನ್ನ ಎರಡೂ ಕೈಯಲ್ಲಿ ತಗೊಂಡು ಅಲ್ಲೇ ಮೂಸಿ ನೋಡಿ ನಕ್ಕರು. ಸೋಪು ತೆಗೆಯೋವಾಗ ಕೆಳಗೆ ಬಿದ್ದಿದ್ದ ಮೂಲಂಗೀನ ನಾನು ಎತ್ಕೊಂಡೆ, ಹಚಿಕೋ ಫೋಟೋದಲ್ಲಿ ನನ್ನ ಕಂಕುಳಲ್ಲಿ ಅದೇ ಇದೆ. ಮನೆಗೆ ಬಂದು ಅಮ್ಮ ಹುಳಿ ಮಾಡಿದ್ರು, ಊರಿನ ಮೂಲಂಗಿಯ ಖಾರ ಇಲ್ಲ ಇದಕ್ಕೆ ಅಂತ ಎರಡು ಸಲ ಬಡಿಸ್ಕೊಂಡ್ರು ಅಪ್ಪ.