ಕ್ವಿಲ್ಟ್ ಪದರ ಜಾರದಂತೆ ಹಿಡಿಯಲು ಮಕ್ಕಳ ಗಮ್ ಸಾಕು

ಕ್ವಿಲ್ಟ್ ಹೊಲಿಯುವವರನ್ನು ಯಾರನ್ನಾದರೂ ಕೇಳಿ ನೋಡಿ. ಬಟ್ಟೆ ಕತ್ತರಿಸೋದು ಇಷ್ಟ, ಬಣ್ಣ ಜೋಡಿಸೋದು ಇಷ್ಟ, ಮಷೀನ್ ತುಳಿಯೋದೂ ಇಷ್ಟ. ಬೇಜಾರಿನ ಕೆಲಸ ಅಂದರೆ ಒಂದೇ. ಮೇಲಿನ ಬಟ್ಟೆ, ನಡುವಿನ ಹತ್ತಿ, ಕೆಳಗಿನ ಬಟ್ಟೆ, ಈ ಮೂರನ್ನೂ ನೆಲದ ಮೇಲೆ ಹಾಸಿ, ಮಂಡಿಯೂರಿ ಕೂತು, ಮುಷ್ಟಿಯಗಲಕ್ಕೆ ಒಂದರಂತೆ ಸೇಫ್ಟಿ ಪಿನ್ ಚುಚ್ಚುತ್ತಾ ಹೋಗುವುದು. ತೊಟ್ಟಿಲ ಮಗುವಿಗೆ ಹೊದಿಸುವ 36x45 ಇಂಚಿನ ಕ್ವಿಲ್ಟಿಗೇ ಸುಮಾರು ನೂರು ಪಿನ್ ಬೇಕು. ಆಮೇಲೆ ಹೊಲಿಯುವಾಗ ಒಂದೊಂದನ್ನೇ ಬಿಚ್ಚಬೇಕು. ಪಿನ್ ಬೇಡ ಅಂದರೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಬೇಕು, ಅದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಹೋಗುತ್ತದೆ.

ಅಮೆರಿಕದಲ್ಲಿ ಕ್ವಿಲ್ಟ್ ಮಾಡುವವರು ಇದಕ್ಕೊಂದು ಅಡ್ಡದಾರಿ ಹುಡುಕಿಕೊಂಡಿದ್ದಾರೆ. ಶಾಲೆ ಮಕ್ಕಳು ಕಾಗದ ಅಂಟಿಸುವ, ತೊಳೆದರೆ ಹೋಗುವ ಬಿಳಿ ಗಮ್. ಅಲ್ಲಿ ಎಲ್ಮರ್ಸ್ ಕಂಪನಿಯ ವಾಷಬಲ್ ಸ್ಕೂಲ್ ಗ್ಲೂ ಈ ಕೆಲಸಕ್ಕೆ ತುಂಬಾ ಬಳಕೆಯಲ್ಲಿದೆ. ಪದರಗಳ ನಡುವೆ ತೆಳ್ಳಗೆ ಗಮ್ ಎಳೆದು, ಇಸ್ತ್ರಿ ಒತ್ತಿ ಒಣಗಿಸಿ, ಹೊಲಿದು, ಕೊನೆಗೆ ನೀರಲ್ಲಿ ತೊಳೆದುಬಿಡುತ್ತಾರೆ.

ಕೇಳೋಕೆ ಇಷ್ಟೇ. ಆದರೆ ಯಾವ ಗಮ್ ಅನ್ನುವುದರಲ್ಲೇ ಎಲ್ಲಾ ಇದೆ. ನಾನು ಮೊದಲ ಸಲ ಮಾಡಿದಾಗ ಮನೆಯಲ್ಲಿ ಕಪಾಟು ಮಾಡಿಸಿ ಉಳಿದಿದ್ದ ಬಡಗಿಗಳ ಅಂಟು ಇತ್ತು, ಅದೂ ಬಿಳಿ, ಇದೂ ಬಿಳಿ, ಏನು ಮಹಾ ಅಂತ ಹಚ್ಚಿಬಿಟ್ಟೆ. ಒಣಗಿದ ಮೇಲೆ ಕ್ವಿಲ್ಟ್ ಹಪ್ಪಳದ ಹಾಗೆ ಸೆಟೆದು ನಿಂತಿತು. ಎರಡು ಸೂಜಿ ಮುರಿದವು. ಮೂರು ಸಲ ನೆನೆಸಿದರೂ ಗಟ್ಟಿ ಗೆರೆಗಳು ಹಾಗೇ ಉಳಿದವು. ಬಡಗಿಗಳ ಅಂಟು ಒಣಗುವಾಗ ಅದರೊಳಗಿನ ಸಣ್ಣ ಕಣಗಳು ಒಂದಕ್ಕೊಂದು ಕೂಡಿಕೊಂಡು ಪ್ಲಾಸ್ಟಿಕ್ಕಿನಂಥ ಪೊರೆ ಆಗುತ್ತದೆ, ಅದು ಮತ್ತೆ ನೀರಿಗೆ ಕರಗುವುದಿಲ್ಲ. ವಾಷಬಲ್ ಗಮ್ ಒಣಗಿದ ಮೇಲೂ ನೀರಿಗೆ ಬಿಟ್ಟುಕೊಡುತ್ತದೆ. ಹಾಗಾಗಿ ಬಾಟಲಿ ಮೇಲೆ ವಾಷಬಲ್ ಅಂತ ಇದೆಯಾ ನೋಡಿ. ಇದ್ದರೂ ನಂಬಬೇಡಿ. ಎರಡು ಚೂರು ಬಟ್ಟೆಗೆ ಹಚ್ಚಿ, ಇಸ್ತ್ರಿ ಮಾಡಿ, ಹೊಲಿದು, ಅರ್ಧ ಗಂಟೆ ನೀರಲ್ಲಿಟ್ಟು ಒಣಗಿಸಿ. ಕೈಗೆ ಗಟ್ಟಿ ಸಿಕ್ಕರೆ ಆ ಬಾಟಲಿ ಮಕ್ಕಳಿಗೇ ಇರಲಿ.

ಇನ್ನೊಂದು ಪರೀಕ್ಷೆ ಬಣ್ಣದ್ದು. ಕೊನೆಗೆ ಇಡೀ ಕ್ವಿಲ್ಟನ್ನು ನೀರಲ್ಲಿ ಮುಳುಗಿಸಲೇಬೇಕು, ಆಗ ಕೆಂಪು ಬಟ್ಟೆ ಬಣ್ಣ ಬಿಟ್ಟರೆ ಪಕ್ಕದ ಬಿಳಿ ಚೌಕ ಗುಲಾಬಿ ಆಗುತ್ತದೆ. ಹೊಸ ಖಣ, ಗಾಢ ನೀಲಿ, ಮರೂನ್ ಇದ್ದರೆ ಕತ್ತರಿಸುವ ಮೊದಲೇ ತೊಳೆಯಿರಿ. ಒದ್ದೆ ಬಿಳಿ ಬಟ್ಟೆಯನ್ನು ಅದರ ಮೇಲಿಟ್ಟು ಇಸ್ತ್ರಿ ಒತ್ತಿದರೆ ಬಣ್ಣ ಹತ್ತುತ್ತದೋ ಇಲ್ಲವೋ ಗೊತ್ತಾಗುತ್ತದೆ. ಹೊಸ ಹತ್ತಿ ಬಟ್ಟೆಯಲ್ಲಿರುವ ಗಂಜಿಯೂ ತೊಳೆದಾಗ ಹೋಗುತ್ತದೆ.

ಈಗ ಕೆಲಸ. ಕೆಳಗಿನ ಬಟ್ಟೆ ನಾಲ್ಕೂ ಬದಿಗೆ ಮೂರು ಇಂಚು ಜಾಸ್ತಿ ಇರಲಿ. ಅದನ್ನು ಉಲ್ಟಾ ಹಾಸಿ, ಅಂಚುಗಳನ್ನು ಟೇಪಿನಿಂದ ನೆಲಕ್ಕೆ ಹಿಡಿಸಿ. ಸುಕ್ಕು ಹೋಗುವಷ್ಟು ಮಾತ್ರ ಬಿಗಿ ಮಾಡಿ. ತುಂಬಾ ಎಳೆದು ಟೇಪ್ ಹಾಕಿದರೆ ಬಿಡಿಸಿದ ಕೂಡಲೇ ಬಟ್ಟೆ ಒಳಗೆ ಎಳೆದುಕೊಂಡು ಮುದುಡುತ್ತದೆ. ಇದರ ಮೇಲೆ ನಡುವಿನ ಹತ್ತಿ ಹಾಳೆ. ಇದಕ್ಕೆ ಬ್ಯಾಟಿಂಗ್ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಆ ಮಾತು ಕೇಳಿದರೆ ಎಲ್ಲರೂ ಟೀವಿ ಕಡೆ ತಿರುಗುತ್ತಾರೆ. ಹಾಳೆಯನ್ನು ಸರಿಯಾಗಿ ಕೂರಿಸಿ, ಅರ್ಧ ಭಾಗವನ್ನು ಚಾಪೆ ಸುತ್ತಿದ ಹಾಗೆ ಹಿಂದಕ್ಕೆ ಸುತ್ತಿ.

ಗಮ್ ಹಾಕುವುದು ಕೆಳಗಿನ ಬಟ್ಟೆಯ ಮೇಲೆ. ಬಾಟಲಿಯ ಮೂತಿಯಿಂದ ನೇರ ಹಿಂಡಿದರೆ ದಪ್ಪ ಬೀಳುತ್ತದೆ, ಆ ದಪ್ಪ ಚುಕ್ಕೆಗಳೇ ಆಮೇಲೆ ಸೂಜಿಗೆ ಅಡ್ಡ ಬರುತ್ತವೆ. ಅದಕ್ಕೆ ನನ್ನ ಉಪಾಯ ಮೆಹಂದಿ ಕೋನ್. ಪ್ಲಾಸ್ಟಿಕ್ ಹಾಳೆ ಸುತ್ತಿ ಖಾಲಿ ಕೋನ್ ಮಾಡಿ, ಗಮ್ ತುಂಬಿ, ತುದಿಯನ್ನು ಚೂರೇ ಚೂರು ಕತ್ತರಿಸಿ. ಜಿಲೇಬಿ ಬಿಡುವ ಹಾಗೆ ಸುಮ್ನೆ ಕೈಯಾಡಿಸುತ್ತಾ ದಾರದಂಥ ಎಳೆ ಬಿಡಿ. ಒಂದು ಎಳೆಗೂ ಇನ್ನೊಂದಕ್ಕೂ ನಾಲ್ಕೈದು ಇಂಚು ಅಂತರ ಇರಲಿ. ಕಡಿಮೆ ಆಯಿತೇನೋ ಅನ್ನಿಸುತ್ತದೆ. ಅಷ್ಟೇ ಸಾಕು, ಹೊಲಿಗೆ ಬೀಳುವ ತನಕ ಹಿಡಿದರೆ ಆಯಿತಲ್ವಾ.

ಸುತ್ತಿದ ಹತ್ತಿಯನ್ನು ನಿಧಾನಕ್ಕೆ ಬಿಚ್ಚುತ್ತಾ ಅದರ ಮೇಲೆ ಹಾಸಿ, ಅಂಗೈಯಿಂದ ನಡುವಿನಿಂದ ಹೊರಗಡೆಗೆ ಸವರಿ. ಇನ್ನರ್ಧಕ್ಕೂ ಹೀಗೇ. ಆಮೇಲೆ ಹತ್ತಿಯ ಮೇಲೆ ಎಳೆ ಬಿಟ್ಟು ಮೇಲಿನ ಬಟ್ಟೆ ಕೂರಿಸಿ, ಅದೂ ಅರ್ಧರ್ಧವಾಗಿಯೇ.

ಇಸ್ತ್ರಿ ಒಣದಾಗಿರಲಿ, ಹಬೆ ಬೇಡ. ಬಟ್ಟೆ ಇಸ್ತ್ರಿ ಮಾಡುವ ಹಾಗೆ ತಿಕ್ಕಬೇಡಿ, ಪದರ ಜರುಗುತ್ತದೆ. ಒತ್ತಿ, ಎತ್ತಿ, ಪಕ್ಕಕ್ಕೆ ಇಡಿ. ಮೇಲೆ ಮುಗಿದ ಮೇಲೆ ತಿರುವಿ ಹಾಕಿ ಕೆಳಗಿನಿಂದಲೂ ಒತ್ತಿ. ನಡುವಿನ ಹಾಳೆ ಪಾಲಿಯೆಸ್ಟರ್ ಆದರೆ ಬಿಸಿ ಕಡಿಮೆ ಮಾಡಿ. ಕರೆಂಟ್ ಹೋದರೆ ತಲೆ ಕೆಡಿಸಿಕೊಳ್ಳಬೇಡಿ, ರಾತ್ರಿಯಿಡೀ ಹಾಗೇ ಬಿಟ್ಟರೂ ಒಣಗುತ್ತದೆ. ಮಳೆಗಾಲದಲ್ಲಿ ಮಾತ್ರ ಇನ್ನೂ ತಡ. ಹಸಿ ಇರುವಾಗ ಹೊಲಿಯಲು ಹೋಗಬೇಡಿ, ಸೂಜಿಗೆ ಗಮ್ ಮೆತ್ತಿಕೊಂಡು ದಾರ ಕಡಿಯುತ್ತದೆ.

ತಿರುವಿದಾಗ ಹಿಂದೆ ಸುಕ್ಕು ಕಂಡರೆ ಬೈದುಕೊಳ್ಳಬೇಡಿ. ಈ ವಿಧಾನ ನನಗೆ ಇಷ್ಟವಾಗಿದ್ದೇ ಇಲ್ಲಿ. ಆ ಜಾಗಕ್ಕೆ ಸ್ವಲ್ಪ ನೀರು ಚಿಮುಕಿಸಿ, ಎರಡು ನಿಮಿಷ ಬಿಟ್ಟು, ಮೆಲ್ಲಗೆ ಬಿಡಿಸಿ ಮತ್ತೆ ಹಾಸಿದರೆ ಆಯಿತು.

ಮಷೀನಿಗೆ 14 ನಂಬರ್ ಸೂಜಿ ಹಾಕಿ. ಹೊಲಿಗೆ ನಡುವಿನಿಂದ ಶುರುವಾಗಲಿ. ಸೂಜಿ ಅಂಟಂಟು ಅನ್ನಿಸಿದರೆ ಒದ್ದೆ ಬಟ್ಟೆಯಿಂದ ಒರೆಸಿ.

ಕೌದಿಗೂ ಇದು ಆಗುತ್ತದಾ ಅಂತ ಕೇಳುತ್ತೀರಿ, ನಾನೂ ಕೇಳಿದ್ದೆ. ಧಾರವಾಡದ ನಮ್ಮ ಓಣಿಯಲ್ಲಿ ಕೌದಿ ಹೊಲಿಯುವ ಅಜ್ಜಿಗೆ ಈ ಗಮ್ ತೋರಿಸಿದರೆ, "ಯವ್ವಾ, ಅಂಟ ಹಚ್ಚಾಕಿದ್ರ ಸೂಜಿ ಯಾಕ ಬೇಕ?" ಅಂದುಬಿಟ್ಟರು. ಅವರು ಹೇಳಿದ್ದೂ ಸರಿಯೇ. ಹಳೆ ಸೀರೆಗಳನ್ನು ನಾಲ್ಕೈದು ಪದರ ಮಡಿಸಿಟ್ಟರೆ ಇಸ್ತ್ರಿಯ ಬಿಸಿ ನಡುವಿಗೆ ಮುಟ್ಟುವುದೇ ಇಲ್ಲ. ಕೈಹೊಲಿಗೆಯ ಸೂಜಿ ಗಟ್ಟಿ ಗೆರೆಗೆ ಸಿಕ್ಕರೆ ಬೆರಳು ನೋಯುತ್ತದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರಂತೂ ಒಂದು ಮೂಲೆಯಿಂದ ಹಿಡಿದು, ಅಂಚಿನ ಗುಂಟ ಸುತ್ತು ಹಾಕುತ್ತಾ, ತೇಪೆ ಇಡುತ್ತಾ ಹೊಲಿಯುತ್ತಾ ಒಳಗೆ ಬರುತ್ತಾರೆ. ಪದರ ಹಿಡಿಯುವ ಕೆಲಸ ಆ ಹೊಲಿಗೆಯಲ್ಲೇ ಮುಗಿದುಹೋಗಿರುತ್ತದೆ. ಗಮ್ ಏನಿದ್ದರೂ ನಡುವೆ ಹತ್ತಿ ಹಾಳೆ ಇಟ್ಟು ಮಷೀನಿನಲ್ಲಿ ಹೊಲಿಯುವವರಿಗೆ. ರೇಷ್ಮೆ, ಉಣ್ಣೆ, ಜರಿ ಇದ್ದರೆ ಪಿನ್ನೇ ವಾಸಿ.

ಹೊಲಿದು ಅಂಚು ಕಟ್ಟಿದ ಮೇಲೆ ತಿಂಗಳುಗಟ್ಟಲೆ ಇಡಬೇಡಿ, ಬೇಗ ತೊಳೆಯಿರಿ. ಉಗುರು ಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ಬಿಟ್ಟು, ಕೈಯಿಂದ ಒತ್ತುತ್ತಾ ನೀರು ಬದಲಿಸಿ. ನೀರು ಕೈಗೆ ಜಾರುಜಾರಾಗಿ ಸಿಗುವುದು ನಿಲ್ಲುವ ತನಕ ಹೀಗೆ ಮಾಡಿ. ಹಿಂಡಿ ತಿರುಚಬೇಡಿ. ನೆನೆದ ಕ್ವಿಲ್ಟ್ ಒಂದೇ ತಂತಿಗೆ ಹಾಕಿದರೆ ಭಾರಕ್ಕೆ ಜೋತು ಆಕಾರ ಕೆಡುತ್ತದೆ, ಅಕ್ಕಪಕ್ಕ ಎರಡು ಹಗ್ಗ ಕಟ್ಟಿ ಅವುಗಳ ಮೇಲೆ ಹರಡಿ, ನೆರಳಲ್ಲಿ. ಒಣಗಿದ ಮೇಲೆ ಎಲ್ಲಾದರೂ ಗಟ್ಟಿ ಸಿಕ್ಕರೆ ಆ ಜಾಗವನ್ನಷ್ಟೇ ಒಂದು ತಟ್ಟೆ ನೀರಲ್ಲಿ ಇನ್ನೊಮ್ಮೆ ನೆನೆಸಿ.